ಹೊಸ ಪ್ಲಾಟಿನ ತಗ್ಗು

ಅಥಣಿ, ಜುಲೈ ೧೯೯೭

ಅಪ್ಪಾ,

ಕೃಷ್ಣೆಯ ಮಹಾಪೂರಕ್ಕೆ ಅಂಜಿ ನಮ್ಮೂರನ್ನು ಹೊಸ ಜಾಗಕ್ಕೆ ಎತ್ತಂಗಡಿ ಮಾಡಿದಾಗ, ಹೊಸ ಪ್ಲಾಟು ಹಳೇ ಊರಿಗಿಂತ ತಗ್ಗಿನಲ್ಲಿದೆ ಎಂದು ಸರ್ವೇ ಸರಪಳಿ ಹಿಡಿದಿದ್ದ ನೀನು ಸಾಹೇಬರಿಗೆ ಹೇಳಿದ್ದೆ. ಕಾಲೇಜು ಓದುತ್ತಿದ್ದ ನಾನು ಎಲ್ಲರೆದುರಿಗೆ, "ನಿನಗೇನ ತಿಳಿತೈತಿ, ಸುಮ್ಮನಿರು" ಅಂದಿದ್ದೆ. ಆಮೇಲೆ ಸಾಯುವತನಕ ನೀನು ಆ ಮಾತೆತ್ತಲಿಲ್ಲ.

ಈಗ ನನ್ನದೂ ಅಳತೆಯದೇ ನೌಕರಿ. ವಿಮಾನದಿಂದ ತೆಗೆದ ಜೋಡಿ ಫೋಟೋಗಳಿಂದ ನೆಲದ ಏರುತಗ್ಗು ಲೆಕ್ಕಹಾಕಿ, ಕಂಪ್ಯೂಟರಿನಲ್ಲಿ ಊರಿಗೆ ಊರೇ ಮೂಡುವಂತೆ ಮಾಡುತ್ತೇನೆ. ಸೋಮವಾರ ಅದರಲ್ಲಿ ಕೃಷ್ಣೆಯ ನೀರು ಏರಿಸಿ ತೋರಿಸಿದೆ. ಹಳೇ ಊರಿಗಿಂತ ಮೊದಲು ಹೊಸ ಪ್ಲಾಟಿಗೇ ನೀರು ನುಗ್ಗಿತು.

"ಫೋಟೋದಾಗ ತಪ್ಪ ಐತಿ, ತಿದ್ದ್ರಿ," ಅಂದರು ನಮ್ಮ ಸಾಹೇಬರು.

ಮೂರು ಸಲ ಅಳೆದೆ. ತಪ್ಪಿರಲಿಲ್ಲ. ಆದರೂ ಹೊಸ ಪ್ಲಾಟು ಎತ್ತರದಲ್ಲಿ ಕಾಣುವಂತೆ ತಿದ್ದಿಕೊಟ್ಟೆ.

ಮೂರು ದಿನದಿಂದ ಘಟ್ಟದ ಮೇಲೆ ಮಳೆ ಬಿಟ್ಟಿಲ್ಲ, ಕೃಷ್ಣೆ ಏರುತ್ತಿದ್ದಾಳೆ. ಇವತ್ತು ಹೊಸ ಪ್ಲಾಟಿನ ನಮ್ಮ ಮನೆಗೆ ಹೋಗಿ, ಡಾಕ್ಟರಿಗೆ ತೋರಿಸಬೇಕೆಂದು ಸುಳ್ಳು ಹೇಳಿ ಅವ್ವನನ್ನು ಇಲ್ಲಿಗೆ ಕರೆತಂದೆ. ಬಸ್ಸಿನವರೆಗೂ ಬಂದ ಪಕ್ಕದ ಮನೆಯ ಶೇವಂತಾ ಕಾಕು ನನ್ನ ಕೈ ಹಿಡಿದುಕೊಂಡು, "ಮನೀ ಕಾಳಜಿ ಬಿಡವಾ, ನಾವೆಲ್ಲಾ ಇಲ್ಲೇ ಇರ್ತೀವಲ್ಲ," ಅಂದಳು.

ನಾನು ಹೂಂ ಅಂದು ಬಸ್ಸು ಹತ್ತಿದೆ.