ಅಕ್ಕನ ಪಾಲಿಗೆ ಬಂದ ಮಾತು

೧೪ ಅಕ್ಟೋಬರ್ ೧೯೮೩, ಶುಕ್ರವಾರ, ತೆಕ್ಕಲಕೋಟೆ

ಆ ಡಾಕ್ಟರಮ್ಮನ ಮ್ಯಾಲಿನ ಹೊಟ್ಟಿಕಿಚ್ಚು ಉಂಡರೂ ಆರಲಿಲ್ಲ.

ಭಾವ ತೀರಿಕೊಂಡಾಗಿಂದ ಅಕ್ಕ ಚನ್ನವೀರಮ್ಮ ಮಂಕಾಗ್ಯಾಳ. ಬಳ್ಳಾರಿ ಆಸ್ಪತ್ರ್ಯಾಗ ಇಂಥೋರ ಮ್ಯಾಲೆ ಸಂಶೋಧನೆ ನಡಿಸ್ಯಾರ. ಅರ್ಧ ಮಂದಿಗೆ ಗುಳಿಗಿ, ಅರ್ಧ ಮಂದಿಗೆ ಬರೇ ಮಾತು, ಯಾವುದು ನಾಟತೈತಿ ಅಂತ ನೋಡಾಕ. ಚೀಟಿ ಎತ್ತಿದರ ಅಕ್ಕಗ ಮಾತು ಬಂತು. ಮಾತಂದ್ರ ಸಿರುಗುಪ್ಪ ತಾಲ್ಲೂಕಿಗೆಲ್ಲಾ ನಾನು! ಕುರುಗೋಡು ಬಸವಣ್ಣನ ಗುಡ್ಯಾಗ ಪೂಜಾರಿ ನಡಿಗಿ ಅಣಕ ಮಾಡಿ ಆಕಿನ್ನ ನಗಿಸಿದಾಂವ ನಾನು.

ಇವತ್ತು ಆಸ್ಪತ್ರ್ಯಾಗ ಆ ಡಾಕ್ಟರಮ್ಮ ಅಕ್ಕನ್ನ, "ಮುಂಜಾನೆ ಎದ್ದ ಕೂಡಲೆ ಮನಸಿಗೆ ಏನು ಬರತೈತ್ರಿ?" ಅಂತ ಕೇಳಿದಳು. ನಾನೇ ಉತ್ತರ ಕೊಟ್ಟೆ. "ಅಣ್ಣಾರ, ನೀವು ಹೊರಗ ಕುಂದರ್ರಿ" ಅಂದಳು! ಹೊರಗ ಕುಂತರ ಒಳಗ ಅಕ್ಕನ ದನಿ ನಿಲ್ಲವಲ್ದು.

ವಾಪಸ್ ಬಸ್ಸಿನ್ಯಾಗ ನಾ ಅಕ್ಕನ್ನ ನಗಿಸಾಕ ಎಮ್ಮಿ ಕಥಿ ಸುರು ಮಾಡಿದೆ. ಅಕ್ಕ ಕೈ ಹಿಡಿದಳು.

"ತಡಿಯೋ ತಮ್ಮಾ. ನೀ ನೊಂದಕೋತಿ ಅಂತ ಇಷ್ಟು ದಿನ ನಕ್ಕೆ. ನಗಿ ಬರತಿದ್ದಿಲ್ಲ."

"ಇದನ್ನ ಆ ಡಾಕ್ಟರಮ್ಮಗೂ ಹೇಳಿದ್ಯಾ?"

"ಹೂಂ. ತಮ್ಮ ಸಿಟ್ಟಾಗ್ತಾನ ಅಂದೆ. 'ಒಮ್ಮೆ ಹೇಳಿ ನೋಡ್ರಿ, ಖರೇನ ಸಿಟ್ಟಾದ್ರ ಆಮ್ಯಾಲೆ ನಿಮ್ಮ ಅಂಜಿಕಿ ನಂಬ್ರಿ' ಅಂದಳು. ಸಿಟ್ಟು ಬಂತೇನೋ?"

ಸಿಟ್ಟಲ್ಲ, ಹೊಟ್ಟಿ ಉರೀತು. ನಮ್ಮಕ್ಕನ ಒಳಗಿನ ಮಾತು ಮೊದಲು ಆಕಿಗೆ ಸಿಕ್ಕಿತಲ್ಲ! "ಇಲ್ಲ ಬಿಡು" ಅಂದೆ.

ಆಮ್ಯಾಲೆ ಅಕ್ಕ ಕಿಡಕಿ ಕಡೆ ನೋಡಿಕೋತ ಭಾವನ ಸುದ್ದಿ ಹೇಳಾಕ ಹತ್ತಿದಳು. ಊರು ಬರೋ ತನಕ ನಾ ಬಾಯಿ ತೆಗೀಲಿಲ್ಲ. ಸುಮ್ಮನ ಕುಂತು ಕೇಳಾಕ ಡಾಕ್ಟರಮ್ಮಗ ಸಂಬಳ ಕೊಡ್ತಾರ. ನಾ ಪುಕ್ಕಟೆ ಕೇಳೀನಿ.