ಗುಂಡಮ್ಮನ ಮೂಗಿಗೆ ಇಬ್ಬರು ಮಾಲೀಕರು

ಶ್ವಾನ ತಳಿ ಸಂಘದ ಗೌರವ ಕಾರ್ಯದರ್ಶಿಯವರಿಗೆ,

ಮಾನ್ಯರೇ, ನಮ್ಮ ಮನೆಯ ನಾಯಿ ಉಸಿರಾಡಬೇಕಾದರೆ ತಮ್ಮ ಸಂಘದ ನಿಯಮ ಒಪ್ಪಬೇಕಂತೆ. ಅದನ್ನು ಕೇಳಲು ನಿಮ್ಮ ಕಚೇರಿಗೆ ಹಲವು ಸಲ ಬಂದೆ, ತಾವು ಸಿಗಲಿಲ್ಲ. ಹಾಗಾಗಿ ಪತ್ರಿಕೆಯಲ್ಲಿ, ನಾಲ್ಕು ಜನರ ಎದುರಿಗೇ ಕೇಳುತ್ತಿದ್ದೇನೆ. 'ಐ ಬೆಗ್ ಟು ಸ್ಟೇಟ್ ದ ಫಾಲೋಯಿಂಗ್ ಫ್ಯೂ ಲೈನ್ಸ್' ಎಂದು ಅರ್ಜಿ ಶುರುಮಾಡಬೇಕೆಂದು ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಕಲಿಸಿದ್ದರು. ಫ್ಯೂ ಲೈನ್ಸ್‌ನಲ್ಲಿ ಮುಗಿಯುವ ಮಾತು ಇದಲ್ಲ. ಬೆಗ್ ಮಾಡುತ್ತಿರುವುದಂತೂ ನಿಜ.

ವಿಷಯ ಇಷ್ಟು. ನಮ್ಮದೊಂದು ಪಗ್ ನಾಯಿ. ನಿಮ್ಮ ದಾಖಲೆಯಲ್ಲಿ ಅವಳ ಹೆಸರು ರೈಲಿನಷ್ಟು ಉದ್ದ. ಅದರಲ್ಲಿ ಒಬ್ಬ ರಾಣಿ, ಒಂದು ಚಂದ್ರ, ಹುಟ್ಟಿದ ಮನೆಯ ಹೆಸರು ಎಲ್ಲ ಇವೆ. ಮನೆಯಲ್ಲಿ ಗುಂಡಮ್ಮ. ಅವಳ ಮೂಗಿನ ಹೊಳ್ಳೆಗಳು ಎಷ್ಟು ಕಿರಿದೆಂದರೆ ಎರಡು ಗೀಟು ಎಳೆದಂತಿವೆ. ಹೊಳ್ಳೆ ಸ್ವಲ್ಪ ಅಗಲಿಸಿ, ಗಂಟಲಲ್ಲಿ ಜೋತುಬಿದ್ದ ಮಾಂಸ ಕತ್ತರಿಸಬೇಕು, ಅದೂ ಸೆಕೆ ಏರುವ ಮೊದಲೇ ಆಗಬೇಕು, ಇಲ್ಲದಿದ್ದರೆ ಈ ಬೇಸಿಗೆ ದಾಟುವುದು ಅನುಮಾನ ಎಂದಿದ್ದಾರೆ ಪಶುವೈದ್ಯೆ. ಆದರೆ ನಿಮ್ಮ ದಾಖಲೆಯ ಪ್ರಕಾರ ಗುಂಡಮ್ಮನಿಗೆ ಇಬ್ಬರು ಮಾಲೀಕರು. ಒಬ್ಬ ನಾನು. ಇನ್ನೊಬ್ಬರು ಅವಳನ್ನು ನಮಗೆ ಕೊಟ್ಟ, ಪಗ್ ತಳಿ ಬೆಳೆಸುವ ಬ್ರೀಡರ್ ಮೇಡಂ. ಮೂಗು ಕೊಯ್ಯಿಸಿಕೊಂಡ ನಾಯಿ ನಿಮ್ಮ ಪ್ರದರ್ಶನದ ಅಖಾಡಕ್ಕೆ ಇಳಿಯುವಂತಿಲ್ಲ, ಆಮೇಲೆ ಹುಟ್ಟುವ ಅದರ ಮರಿಗಳಿಗೆ ವಂಶಾವಳಿ ಪತ್ರವೂ ಸಿಗುವುದಿಲ್ಲ. ಅದು ನಿಮ್ಮ ನಿಯಮ. ಆದ್ದರಿಂದ ಮೇಡಂ ಸಹಿ ಹಾಕುವುದಿಲ್ಲ. ಇಬ್ಬರ ಸಹಿ ಇಲ್ಲದೆ ಡಾಕ್ಟರು ಕತ್ತಿ ಹಿಡಿಯುವುದಿಲ್ಲ. ನಾಳೆ ಮೇಡಂ ಕೋರ್ಟಿಗೆ ಹೋದರೆ ಡಾಕ್ಟರ ಲೈಸೆನ್ಸಿಗೇ ಕುತ್ತು. ಹೀಗೆ ಎಲ್ಲರೂ ಕಾನೂನಿನ ಪ್ರಕಾರವೇ ಇದ್ದಾರೆ. ಉಸಿರು ಕಟ್ಟಿರುವುದು ಗುಂಡಮ್ಮನಿಗೆ ಮಾತ್ರ.

ಈ ಇಬ್ಬರು ಮಾಲೀಕರ ಕಥೆ ಶುರುವಾದದ್ದು ನನ್ನ ಹೆಂಡತಿಯಿಂದ. ನೀರು ಸರಬರಾಜು ಕಚೇರಿಯಿಂದ ನಾನು ನಿವೃತ್ತನಾದ ವಾರದಲ್ಲೇ ಅವಳು, "ರೀ, ಮನೇಲಿ ಮಾತಾಡೋಕೆ ಯಾರಾದ್ರೂ ಬೇಕು ಕಣ್ರೀ" ಎಂದಳು.

"ನಾನೇ ಇನ್ಮೇಲೆ ಮನೇಲಿರ್ತೀನಲ್ಲೇ" ಎಂದೆ.

"ಅದಕ್ಕೇ ಹೇಳಿದ್ದು" ಎಂದಳು.

ಪಗ್ ಮರಿಯ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಬ್ರೀಡರ್ ಮೇಡಂ ನನ್ನ ಹೆಂಡತಿಯ ಕೈಹಿಡಿದು, "ದುಡ್ಡು ಬೇಡ ಅಕ್ಕ. ದೊಡ್ಡವಳಾದ್ಮೇಲೆ ಒಂದು ಸೂಲು ಮರಿ ನಂಗೆ ಕೊಟ್ಬಿಡಿ. ಸಾಕೋದು ನೀವು, ಸೂಲು ನಂದು" ಎಂದರು. ನಿಮ್ಮ ವಲಯದಲ್ಲಿ ಇದು ರೂಢಿಯಂತೆ. ನನ್ನಾಕೆ ಅವರ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಳು. ಮಾಲೀಕರೆಂದು ನನ್ನ ಹೆಸರನ್ನೂ ಮೇಡಂ ಹೆಸರನ್ನೂ ಜಂಟಿಯಾಗಿ ಬರೆಸಿದ್ದೂ ಆಗಲೇ. ವಂಶಾವಳಿ ಪತ್ರ ಬಂದಾಗ ನೋಡುತ್ತೇನೆ, ಒಂದೇ ಗಂಡುನಾಯಿಯ ಹೆಸರು ಅಜ್ಜನ ಜಾಗದಲ್ಲೂ ಇದೆ, ಮುತ್ತಜ್ಜನ ಜಾಗದಲ್ಲೂ ಇದೆ. ಅಚ್ಚಿನ ತಪ್ಪಿರಬೇಕೆಂದು ಫೋನ್ ಮಾಡಿದೆ. ಮೇಡಂ ನಕ್ಕುಬಿಟ್ಟರು. "ತಪ್ಪಲ್ಲ ಅಣ್ಣ, ಅದೇ ಸ್ಪೆಷಾಲಿಟಿ! ಆ ಮುಖ ಹಾಗೇ ನಿಲ್ಬೇಕಂದ್ರೆ ಒಳಗೊಳಗೇ ಕೂಡಿಸ್ಬೇಕು." ಮನುಷ್ಯರಲ್ಲಿ ಹೀಗಾದರೆ ಪೊಲೀಸರು ಬರುತ್ತಾರೆ. ನಿಮ್ಮಲ್ಲಿ ಮೊಹರು ಒತ್ತಿ ಕಳಿಸುತ್ತಾರೆ.

ನಿಮ್ಮ ಪ್ರದರ್ಶನಕ್ಕೂ ಒಮ್ಮೆ ಬಂದಿದ್ದೆವು. ಒಳಾಂಗಣ ಕ್ರೀಡಾಂಗಣದಲ್ಲಿ ಹಗ್ಗ ಕಟ್ಟಿದ ಅಖಾಡ, ಎಲ್ಲೆಲ್ಲೂ ಪೌಡರಿನ ವಾಸನೆ, ಹೇರ್ ಡ್ರೈಯರ್‌ಗಳ ಗದ್ದಲ. ಹೆಂಡತಿ ಹೊಸ ಕ್ಯಾನ್ವಾಸ್ ಬೂಟು ಹಾಕಿಕೊಂಡು, ಗುಂಡಮ್ಮನ ಹಗ್ಗ ಹಿಡಿದು ಅಖಾಡ ಸುತ್ತಿದಳು. ಬ್ರೀಡರ್ ಮೇಡಂ ಟವೆಲಿನಲ್ಲಿ ಐಸ್ ಸುತ್ತಿ ಹಗ್ಗದಾಚೆ ಕಾಯುತ್ತಿದ್ದರು. ಅದೇಕೆಂದು ಆಗ ನನಗೆ ಹೊಳೆಯಲಿಲ್ಲ. ಕೋಟು ಹಾಕಿದ ತೀರ್ಪುಗಾರರು ಗುಂಡಮ್ಮನನ್ನು ಮೇಜಿನ ಮೇಲೆ ನಿಲ್ಲಿಸಿ ಹಲ್ಲು ನೋಡಿದರು, ಪಕ್ಕೆ ಮುಟ್ಟಿದರು, ಬಾಲದ ಸುರುಳಿ ಬಿಡಿಸಿ ಬಿಟ್ಟರು. ನಾಯಿಬಾಲದ ಡೊಂಕನ್ನು ನಮ್ಮ ಹಿರಿಯರು ಬೈಗುಳಕ್ಕೆ ಬಳಸಿದರು, ತಾವು ಅದಕ್ಕೂ ಅಂಕ ಕೊಡುತ್ತೀರಿ, ಇರಲಿ. ಕೊನೆಗೆ ಮೈಕಿನಲ್ಲಿ, "ವಾಟ್ ಎ ಫೇಸ್! ಈ ಮೂಗು ನೋಡಿ, ಇದ್ದೂ ಇಲ್ಲದ ಹಾಗಿದೆ!" ಎಂದರು. ಚಪ್ಪಾಳೆಯೋ ಚಪ್ಪಾಳೆ. ನಾನೂ ತಟ್ಟಿದೆ. ಫೋಟೋ ತೆಗೆಯುವವನು, "ನಗ್ತಾ ಇದೆ ನೋಡಿ ಸಾರ್, ಕಪ್ ಬಂತಂತ ಅದಕ್ಕೂ ಗೊತ್ತು!" ಎಂದ. ನಾಲಗೆ ಮೊಳದುದ್ದ ಹೊರಚಾಚಿ ಏದುಸಿರು ಬಿಡುತ್ತಿದ್ದ ಪ್ರಾಣಿಯನ್ನು ನಾವೆಲ್ಲ ಸೇರಿ ನಗುತ್ತಿದೆ ಎಂದೇ ತೀರ್ಮಾನಿಸಿದೆವು. ಆ ಫೋಟೋ ಈಗಲೂ ನಮ್ಮ ಗೋಡೆಯ ಮೇಲಿದೆ. ಅದರಲ್ಲಿ ನಿಜವಾಗಿ ನಗುತ್ತಿರುವುದು ನನ್ನ ಹೆಂಡತಿ ಒಬ್ಬಳೇ.

ಮಾನ್ಯರೇ, ನಾಯಿ ಎಂದರೆ ಮೂಗು ಎಂದು ಲೋಕಕ್ಕೆಲ್ಲ ಗೊತ್ತು. ಮೂಗಿಲ್ಲದ ನಾಯಿಗೆ ಕಪ್ ಕೊಡುವುದೂ ಗಂಟಲು ಕಟ್ಟಿದ ಗಾಯಕನಿಗೆ ಹಾರ ಹಾಕುವುದೂ ಒಂದೇ ಅಲ್ಲವೇ? ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಮೂಗಾದರೂ ಇತ್ತು. ನೀರಿನ ಪೈಪುಗಳ ನಡುವೆಯೇ ಸರ್ವೀಸು ಮುಗಿಸಿದವನು ನಾನು. ಪೈಪು ಕಿರಿದಾದರೆ ಮೊದಲು ಸುಡುವುದು ಪಂಪು. ಗುಂಡಮ್ಮನ ಎದೆಯ ಮೇಲೆ ಕೈಯಿಟ್ಟರೆ ನನಗೆ ಆ ಪಂಪಿನ ಸದ್ದೇ ಕೇಳುತ್ತದೆ.

ಹೋದ ವರ್ಷ ನನ್ನಾಕೆ ತೀರಿಕೊಂಡಳು. ಬಟ್ಟೆ ಮಡಚುತ್ತಾ ಕೂತವಳು ಹಾಗೇ ಒರಗಿದಳು. ಅರ್ಧ ಮಡಚಿದ ನನ್ನ ಅಂಗಿ ಅವಳ ತೊಡೆಯ ಮೇಲೇ ಇತ್ತು. ಅವಳಿದ್ದಾಗ ಗುಂಡಮ್ಮ ಮಲಗುತ್ತಿದ್ದದ್ದು ಅವಳ ಪಾದದ ಮೇಲೆ, ಗದ್ದ ಎತ್ತಿ ಇಟ್ಟುಕೊಂಡು. ಅವಳು ಹೋದ ಮೇಲೆ, ಮನೆಯೊಳಗೆ ಹಾಕಿಕೊಳ್ಳುತ್ತಿದ್ದ ಅವಳ ಮೆತ್ತನೆಯ ನೀಲಿ ಚಪ್ಪಲಿಯಲ್ಲಿ ಒಂದನ್ನು ಗುಂಡಮ್ಮ ಮಂಚದಡಿಯಿಂದ ಎಳೆತಂದು, ಬಾಯಲ್ಲಿ ಕಚ್ಚಿಕೊಂಡೇ ಮಲಗತೊಡಗಿದಳು. ಚಪ್ಪಲಿ ಇಲ್ಲದೆ ನಿದ್ದೆಯೇ ಇಲ್ಲ. ನಾನು ಬಂದವರಿಗೆಲ್ಲ ತೋರಿಸಿದೆ. "ನೋಡಿ, ಮೂಕಪ್ರಾಣಿಗೆ ಇರೋ ನಿಯತ್ತು ನೋಡಿ" ಎಂದೆ. ಜನ ಕಣ್ಣೊರೆಸಿಕೊಂಡರು. ನಾದಿನಿ ಫೋಟೋ ತೆಗೆದು, ಕೆಳಗೆ 'ಟ್ರೂ ಲವ್' ಎಂದು ಬರೆದು ಬಂಧುಬಳಗಕ್ಕೆಲ್ಲ ಕಳಿಸಿದಳು. ನನ್ನ ದುಃಖದಲ್ಲಿ ಪಾಲುಗಾರಳೊಬ್ಬಳು ಮನೆಯಲ್ಲೇ ಇದ್ದಾಳೆ ಎಂದುಕೊಂಡು ನಾನೂ ಎರಡು ತುತ್ತು ಹೆಚ್ಚು ಉಂಡೆ.

ಒಂದು ದಿನ ವರಾಂಡದಲ್ಲಿ ಗುಂಡಮ್ಮ ಕುಸಿದಳು, ನಾಲಗೆ ನೀಲಿಯಾಯಿತು. ಎತ್ತಿಕೊಂಡು ಓಡಿದೆ. ಹೋಗುವಾಗ ಚಪ್ಪಲಿಯನ್ನೂ ಚೀಲಕ್ಕೆ ಹಾಕಿಕೊಂಡೆ, ಪಾಪ, ಹೊಸ ಜಾಗದಲ್ಲಿ ಹೆದರುತ್ತಾಳೆಂದು. ಪಶುವೈದ್ಯೆ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸುಧಾರಿಸಿಕೊಂಡ ಗುಂಡಮ್ಮ ಚಪ್ಪಲಿ ಕಚ್ಚಿ ಕಣ್ಣು ಮುಚ್ಚಿದ್ದನ್ನು ನೋಡಿ, "ಅಂಕಲ್, ಇದು ಯಾವಾಗಿಂದ?" ಎಂದರು.

"ನನ್ನ ಹೆಂಡ್ತಿ ಹೋದಾಗಿಂದ ಡಾಕ್ಟ್ರೇ. ಅವಳದೇ ಚಪ್ಪಲಿ" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

ಆಕೆ ಗುಂಡಮ್ಮನ ಮೂಗಿನ ಹೊಳ್ಳೆಯ ಹತ್ತಿರ ಬೆರಳು ಹಿಡಿದು ಹೇಳಿದರು: "ಬೇಜಾರು ಮಾಡ್ಕೋಬೇಡಿ ಅಂಕಲ್. ಮೂಗಿಂದ ಗಾಳಿ ಸಾಲ್ತಿಲ್ಲ ಇವಳಿಗೆ. ನಿದ್ದೇಲಿ ಬಾಯಿ ಮುಚ್ಚಿದ್ರೆ ಉಸಿರು ಕಟ್ಟುತ್ತೆ. ಅದಕ್ಕೆ ಏನಾದ್ರೂ ಕಚ್ಕೊಂಡು ಬಾಯಿ ತೆರೆದಿಟ್ಕೋತಾಳೆ. ಇಂಥ ನಾಯಿಗಳು ಹೀಗೆ ಮಾಡ್ತವೆ. ಚಪ್ಪಲೀನೇ ಆಗ್ಬೇಕಂತಿಲ್ಲ."

ಮೂಗು ಹಿಡಿದರೆ ಬಾಯಿ ತಾನೇ ತೆರೆಯುತ್ತದೆ ಎಂದು ಚಿಕ್ಕ ಮಕ್ಕಳಿಗೂ ಗೊತ್ತು. ನನಗೆ ಹೊಳೆದಿರಲಿಲ್ಲ. ಹೆಂಡತಿಯ ಪಾದದ ಮೇಲೆ ಗದ್ದ ಎತ್ತಿಡುತ್ತಿದ್ದದ್ದೂ ಗಾಳಿಗೇ ಇರಬೇಕು. ಮನೆಗೆ ಬಂದು ಪರೀಕ್ಷೆ ಮಾಡಿದೆ. ಚಪ್ಪಲಿ ಬಚ್ಚಿಟ್ಟು ಒಂದು ರಬ್ಬರ್ ಚೆಂಡು ಕೊಟ್ಟೆ. ಅದನ್ನೇ ಕಚ್ಚಿ ಮಲಗಿದಳು, ಅಷ್ಟೇ ನೆಮ್ಮದಿಯಾಗಿ. ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಮೆಲ್ಲಗೆ ಚೆಂಡು ತೆಗೆದು ಚಪ್ಪಲಿಯನ್ನೇ ಕೊಟ್ಟೆ. ಯಾಕೆಂದು ತಾವು ಕೇಳಬಾರದು.

ಬ್ರೀಡರ್ ಮೇಡಂ ಕೆಟ್ಟವರಲ್ಲ ಎಂಬುದೇ ನನ್ನ ದೊಡ್ಡ ತೊಂದರೆ. ಅವರ ಮನೆಗೆ ಹೋದೆ. ಹೊರಗೆ ಚಳಿಯಿದ್ದರೂ ಎಲ್ಲ ಫ್ಯಾನುಗಳೂ ತಿರುಗುತ್ತಿದ್ದವು. ಚಾಪೆಗಳ ಮೇಲೆ ಸಾಲಾಗಿ ಮಲಗಿದ ಪಗ್‌ಗಳ ಗೊರಕೆಯಿಂದ ಮನೆಯೆಲ್ಲ ಕುದಿಯುವ ಪಾತ್ರೆಯ ಹಾಗಿತ್ತು. ಒಂದೊಂದರ ಮುಖದ ಸುಕ್ಕನ್ನೂ ಅವರು ಹತ್ತಿಯಿಂದ ಒರೆಸುತ್ತಾ ಮಾತಾಡಿದರು.

"ಗೊರಕೆ ಹೊಡೀದಿದ್ರೆ ಅದು ಪಗ್ಗೇ ಅಲ್ಲ ಅಣ್ಣ. ಈಗಿನ ಡಾಕ್ಟ್ರುಗಳು ಎಲ್ಲದಕ್ಕೂ ಕೊಯ್ಯಿ ಅಂತಾರೆ."

"ನಾಲಗೆ ನೀಲಿ ಆಗಿತ್ತಮ್ಮ."

"ಮುಂದಿನ ತಿಂಗಳು ಬೆದೆಗೆ ಬರ್ತಾಳೆ. ಒಂದೇ ಒಂದು ಸೂಲು. ಆಮೇಲೆ ಏನು ಬೇಕಾದ್ರೂ ಕೊಯ್ಸಿ, ನಾನೇ ಬಂದು ಸಹಿ ಹಾಕ್ತೀನಿ."

"ಮರಿ ಹಾಕುವಾಗ ಅವಳಿಗೇ ಏನಾದ್ರೂ ಆದ್ರೆ?"

"ಹೊಟ್ಟೆ ಕೊಯ್ದೇ ತೆಗೀತಾರಲ್ಲ ಅಣ್ಣ, ಏನಾಗತ್ತೆ?" ಎಂದವರು ಹತ್ತಿ ಕೆಳಗಿಟ್ಟರು. "ಅಕ್ಕ ಮಾತು ಕೊಟ್ಟಿದ್ರು. ಅಕ್ಕ ಇದ್ದಿದ್ರೆ ಹೀಗೆ ಅಂತಿರ್ಲಿಲ್ಲ."

ನಾನು ಎದ್ದು ಹೊರಟೆ. ಅವಳಿದ್ದಿದ್ದರೆ ಏನನ್ನುತ್ತಿದ್ದಳು? ಕೊಟ್ಟ ಮಾತಿಗೆ ತಪ್ಪಿದವಳಲ್ಲ ಅವಳು. ಗುಂಡಮ್ಮನನ್ನು ನೆಲಕ್ಕೆ ಬಿಟ್ಟವಳೂ ಅಲ್ಲ. ಎರಡನ್ನೂ ಬಲ್ಲ ನಾನು, ಸತ್ತವಳ ಪರವಾಗಿ ಯಾವ ಉತ್ತರ ಕೊಡಲಿ? ದಾರಿಯುದ್ದಕ್ಕೂ ನಿಮ್ಮ ನಿಯಮವನ್ನೇ ತಿರುಗಿಸಿ ಮುರುಗಿಸಿ ನೋಡುತ್ತಾ ಬಂದೆ. ಮರಿ ತೆಗೆಯಲು ಹೊಟ್ಟೆ ಕೊಯ್ದರೆ ತಳಿ ಉದ್ಧಾರವಾಗುತ್ತದೆ, ಉಸಿರಾಡಲು ಮೂಗು ಕೊಯ್ದರೆ ತಳಿ ಕೆಡುತ್ತದೆ. ಇದರಲ್ಲಿರುವ ಲಾಜಿಕ್ ನನ್ನಂಥ ಸೆಕೆಂಡ್ ಕ್ಲಾಸ್ ಪದವೀಧರನ ತಲೆಗೆ ಹತ್ತುವುದಿಲ್ಲ.

ನಿಮ್ಮ ಕಚೇರಿಯ ಗುಮಾಸ್ತರು, ಗಾಜಿನ ಬೀರುವಿನ ಕಪ್‌ಗಳ ಪಕ್ಕದಲ್ಲಿ ಕೂತವರು, ನನ್ನ ಮೇಲೆ ಕನಿಕರಪಟ್ಟು ಒಂದು ಗುಟ್ಟು ಹೇಳಿದರು. "ಯಜಮಾನ್ರೇ, ನಾಯಿ ಸತ್ರೆ ಹೆಸರು ಹೊಡೆದುಹಾಕೋಕೆ ಒಬ್ಬರ ಸಹಿ ಸಾಕು. ಬದುಕಿದ್ರೆ ಮಾತ್ರ ಇಬ್ಬರದ್ದೂ ಬೇಕು." ಕ್ರೂರವಾಗಿ ಹೇಳಲಿಲ್ಲ, ಸಹಾಯವೆಂದೇ ಹೇಳಿದರು. ಆಮೇಲೆ, ನಾನು ಅವರ ಕೈಯಲ್ಲಿ ಕೊಟ್ಟುಬಂದ ಅರ್ಜಿಗೆ ತಮ್ಮ ಉತ್ತರ ಬಂತು: 'ಇಟ್ ಈಸ್ ರಿಗ್ರೆಟೆಡ್...' ಮಾಡಿದವರು ಯಾರೆಂದು ಹೇಳಲು ಮನಸ್ಸಿಲ್ಲದಾಗ ಹೀಗೆ ಬರೆಯುತ್ತಾರೆ ಎಂದು ಮೇಷ್ಟ್ರು ಹೇಳಿದ್ದು ನೆನಪಾಯಿತು. ವಿಷಾದವಾಗಿದೆಯಂತೆ. ಯಾರಿಗೆ ಸ್ವಾಮೀ? ತಮಗೋ, ಗುಮಾಸ್ತರಿಗೋ, ಗೋಡೆಗೋ?

ನನ್ನ ಬೇಡಿಕೆ ದೊಡ್ಡದಲ್ಲ. ಪ್ರಾಣಿಯ ಉಸಿರಿಗೆ ಬೇಕಾದ ಚಿಕಿತ್ಸೆಗೆ ಅದನ್ನು ಸಾಕುವವರೊಬ್ಬರ ಸಹಿ ಸಾಕು ಎಂದು ಒಂದು ಸಾಲು ಬರೆದುಕೊಡಿ. ಅದು ಆಗದಿದ್ದರೆ, ಈ ಸಲದ ಪ್ರದರ್ಶನದಲ್ಲಿ ಮೈಕು, ಡ್ರೈಯರು, ಚಪ್ಪಾಳೆ ಎಲ್ಲ ನಿಲ್ಲಿಸಿ, ತಮ್ಮ ತೀರ್ಪುಗಾರರು ಒಂದು ಗಳಿಗೆ ಕಣ್ಣು ಮುಚ್ಚಿ ನಿಲ್ಲಲಿ. ನೋಡಿದ್ದು ಸಾಕು, ಕೇಳಿಸಿಕೊಳ್ಳಲಿ. ತಾವು ಎರಡನ್ನೂ ಮಾಡಲಿಕ್ಕಿಲ್ಲ ಎಂದು ನನಗೆ ಗೊತ್ತು. ಆದರೂ ಬರೆಯುತ್ತಿದ್ದೇನೆ, ಸೆಕೆ ಶುರುವಾಗಿದೆ, ನನಗೆ ಬೇರೆ ಏನೂ ತೋಚುತ್ತಿಲ್ಲ.

ಇದನ್ನು ಬರೆಯುವಾಗಲೂ ಅವಳು ನನ್ನ ಕುರ್ಚಿಯ ಕೆಳಗೆ, ಸವೆದು ಅರ್ಧವಾದ ಚಪ್ಪಲಿ ಕಚ್ಚಿಕೊಂಡು ಮಲಗಿದ್ದಾಳೆ. ಮೂಗು ಸರಿಹೋಗಿ ಒಂದು ದಿನ ಆ ಚಪ್ಪಲಿ ಅವಳ ಬಾಯಿಂದ ಜಾರಿ ಬೀಳಬೇಕು, ಬಾಯಿ ಮುಚ್ಚಿ ಅವಳು ಸುಮ್ಮನೆ ನಿದ್ದೆ ಮಾಡಬೇಕು. ಚಪ್ಪಲಿ ಕಚ್ಚುತ್ತಿದ್ದದ್ದು ನನ್ನ ಹೆಂಡತಿಯ ನೆನಪಿಗಾಗಿ ಅಲ್ಲವೇ ಅಲ್ಲ ಎಂದು ಅವತ್ತು ಪೂರ್ತಿ ಖಚಿತವಾಗುತ್ತದೆ. ಆಗಲಿ. ನಾನು ತಯಾರಿದ್ದೇನೆ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಗುಂಡಮ್ಮನ ಅರ್ಧ ಮಾಲೀಕ
(ಪಕ್ಕದಲ್ಲಿ ಕೂತು ಉಸಿರು ಎಣಿಸುವ ಅರ್ಧ)