ದೋಣಿಯಲ್ಲಿ ಹಿಂದೆ ಕೂತವಳು

ಪೀಸೆಕ್
ಜುಲೈ ಕೊನೆಯ ಭಾನುವಾರ

ರಾದಿಮ್,

ಅಹೋಯ್. ನದಿಯಿಂದ ಮರಳಿ ಬಂದರೂ ಬಾಯಿಗೆ ಬೇರೆ ನಮಸ್ಕಾರ ಬರುತ್ತಿಲ್ಲ. ಬೆಳಿಗ್ಗೆ ಬೇಕರಿಯವಳಿಗೂ ಹಾಗೇ ಅಂದೆ. ಅವಳೂ ಬೇಸಿಗೆಯಲ್ಲಿ ದೋಣಿ ಹತ್ತುವವಳೇ, ನಕ್ಕು ಹಾಗೇ ಉತ್ತರ ಕೊಟ್ಟಳು.

ನಿನ್ನ ಪತ್ರ ನಾವು ಹೊರಡುವ ಹಿಂದಿನ ದಿನ ಕೈಸೇರಿತು. ಸೆಪ್ಟೆಂಬರಿನಲ್ಲಿ ಮನೆಗೆ ಮರಳಿ ಬರಲೇ ಎಂದು ಕೇಳಿದ್ದೀಯ. ಆ ಹೆಂಗಸಿನ ಸಹವಾಸ ಚಳಿಗಾಲದಲ್ಲೇ ಮುಗಿಯಿತು, ಈಗ ಒಬ್ಬನೇ ಇದ್ದೇನೆ, ಬೆನ್ನುನೋವಿನಿಂದಾಗಿ ಈ ವರ್ಷ ದೋಣಿಯನ್ನು ಗೋಡೆಯಿಂದ ಇಳಿಸಿಯೂ ಇಲ್ಲ ಎಂದು ಬರೆದಿದ್ದೀಯ. ಓದಿ ನನಗೆ ಸಂತೋಷವಾಯಿತು, ಮುಚ್ಚಿಡುವುದೇಕೆ. ಊಟದ ಮೇಜಿನ ಮೇಲೆ ನಿನ್ನ ತಟ್ಟೆ ಎಲ್ಲಿರಬೇಕೆಂದೂ ಯೋಚಿಸಿದೆ. ಉತ್ತರವನ್ನು ನದಿಯಿಂದ ಬಂದ ಮೇಲೆ ಬರೆಯೋಣವೆಂದು ಹೊರಟೆ.

ನಮ್ಮ ದೋಣಿ ನಿನ್ನ ಹತ್ತಿರವೇ ಉಳಿದಿದ್ದರಿಂದ ವೆಸೆಲಿಯಲ್ಲಿ ಒಂದನ್ನು ಬಾಡಿಗೆಗೆ ಹಿಡಿದೆ. ಮೊಣಕಾಲಿನ ಆಪರೇಷನ್ ಆಗಿರುವ ಓಟಾಕರ್ ಈ ಸಲ ಗಂಟುಮೂಟೆಯ ವ್ಯಾನ್ ಓಡಿಸಿದ. ಅವನ ಹೆಂಡತಿ ಬೊಹುಂಕಾ ನನಗೆ ಜೋಡಿಯಾದಳು. ಇಬ್ಬರೂ ಮದುವೆಯಾದಂದಿನಿಂದ ಗಂಡಂದಿರ ಮುಂದೆ ಕೂತು ಹುಟ್ಟು ಹಾಕಿದವರು. ಹಿಂದೆ ಕೂತು ದೋಣಿ ತಿರುಗಿಸುವವರು ಯಾರೆಂಬ ಪ್ರಶ್ನೆ ಬಂತು. “ದಪ್ಪಗಿರೋರೇ ಹಿಂದೆ ಕೂತ್ಕೋಬೇಕು ಕಣೇ, ನಾನೇನ್ ಮಾಡ್ಲಿ” ಎಂದು ಅವಳು ಮುಂದೆ ಹೋಗಿ ಕೂತೇಬಿಟ್ಟಳು.

ನದಿಗಡ್ಡ ಕಟ್ಟಿದ ಮೊದಲ ಒಡ್ಡಿನಲ್ಲೇ ಮಾನ ಹೋಯಿತು. ಒಡ್ಡು ಬಂದಾಗ ದಡಕ್ಕೆ ಹತ್ತಿ, ನೀರು ಎಲ್ಲಿ ಇಳಿಯುತ್ತದೆ, ಕಲ್ಲು ಎಲ್ಲಿದೆ ಎಂದು ನೋಡಿ ಬರುತ್ತಿದ್ದವನು ನೀನು. ಅಷ್ಟು ಹೊತ್ತು ದೋಣಿ ಹಿಡಿದು ನಿಲ್ಲುತ್ತಿದ್ದವಳು ನಾನು. ಬೊಹುಂಕಾಳ ಪಾಡೂ ಅದೇ. ನಾವಿಬ್ಬರೂ ಇಳಿದು, ದೋಣಿಯ ಎರಡು ತುದಿ ಹಿಡಿದು ನಿಂತೆವು. ನಿಂತೇ ಇದ್ದೆವು. ಕೊನೆಗೆ ಅವಳು, “ಅಲ್ವೇ, ಯಾರಿಗೆ ಕಾಯ್ತಿದೀವಿ ನಾವು?” ಎಂದಳು.

ಅಷ್ಟರಲ್ಲಿ ಹಿಂದಿನ ದೋಣಿಗಳವರು ನಗುತ್ತಿದ್ದರು. ನಾಚಿಕೆಗೆ ಮತ್ತೆ ಹತ್ತಿ, ನೋಡದೆಯೇ ನುಗ್ಗಿಸಿದೆವು. ದೋಣಿ ಮಗುಚಿತು. ಬ್ರೆಡ್ಡು, ಸಾಸೇಜು, ಬೊಹುಂಕಾಳ ಒಂದು ಚಪ್ಪಲಿ ನೀರುಪಾಲಾದವು. ಅರ್ಧ ಖಾಲಿಯಾಗಿದ್ದ ರಮ್ ಬಾಟಲಿ ಮಾತ್ರ ತೇಲಿತು. ಸೇತುವೆಯ ಮೇಲಿದ್ದ ಓಟಾಕರ್, “ಮೊದ್ಲು ಬಾಟ್ಲಿ ಹಿಡೀರೋ, ಹೆಂಗಸ್ರು ತಾವೇ ಬರ್ತಾರೆ!” ಎಂದು ಕೂಗಿದ. ಹೆಂಡತಿ ದಡ ಹತ್ತಿ ಬಂದು ಉಳಿದ ಚಪ್ಪಲಿಯನ್ನು ಅವನತ್ತ ಎಸೆದಳು.

ಸಂಜೆ ಬೆಂಕಿಯ ಹತ್ತಿರ ಬಟ್ಟೆ ಒಣಗಿಸುವಾಗ ಓಟಾಕರ್ ನಿನ್ನ ಪರ ವಕಾಲತ್ತು ವಹಿಸಿದ. “ಎಷ್ಟು ದಿನಾಂತ ಸಿಟ್ಟು ಇಟ್ಕೋತೀಯಾ ವೆಂಡುಲಾ? ಪಾಪ, ಬೆನ್ನು ಹಿಡ್ಕೊಂಡು ಒಬ್ನೇ ಬಿದ್ದಿದಾನೆ. ಕರೆಸ್ಕೋ ಅತ್ಲಾಗೆ.”

“ಬೆನ್ನಿಗೆ ಬೇಕಾಗಿರೋದು ಮುಲಾಮು, ಅದು ಅಂಗಡೀಲೇ ಸಿಗುತ್ತೆ” ಎಂದಳು ಬೊಹುಂಕಾ. ನಾನೂ ನಕ್ಕೆ. ಆದರೆ ಅಂದು ಮಲಗುವ ಹೊತ್ತಿಗೆ, ಬಾ ಎಂದೇ ಬರೆಯುವುದೆಂದು ತೀರ್ಮಾನಿಸಿದ್ದೆ. ಅದೂ ನಿನಗೆ ತಿಳಿದಿರಲಿ.

ಅಲ್ಲಿಂದ ಮುಂದೆ ಪ್ರತಿ ಒಡ್ಡನ್ನೂ ನಾನೇ ನಡೆದು ಹೋಗಿ ನೋಡಿದೆ. ವರ್ಷವರ್ಷವೂ ಹಾದು ಬಂದ ಒಡ್ಡುಗಳೇ, ಒಂದನ್ನೂ ಮೇಲೆ ನಿಂತು ನೋಡಿರಲಿಲ್ಲ. ನೀನು ಹೇಳುತ್ತಿದ್ದಷ್ಟು ಕಷ್ಟವೇನಿಲ್ಲ. ಕಪ್ಪಗೆ ನಯವಾಗಿ ಇಳಿಯುವ ನೀರನ್ನು ಹುಡುಕಿ, ಅದರ ನಡುಮಧ್ಯಕ್ಕೆ ದೋಣಿ ತಂದರೆ ಅರ್ಧ ಕೆಲಸ ಮುಗಿಯಿತು.

ಟಾಬೋರ್ ಊರು ದಾಟಿದ ಮೇಲೆ ಬರುವ ಒಡ್ಡು ಎತ್ತರದ್ದು. ಹುಟ್ಟನ್ನು ಒತ್ತಿ ಹಿಡಿದು ಇಳಿಸಿದೆ. ಒಳಗೆ ಹನಿ ನೀರು ಬರಲಿಲ್ಲ ಎಂದರೆ ಸುಳ್ಳಾದೀತು, ಬೊಹುಂಕಾ ಪೂರ್ತಿ ತೊಯ್ದು ಹೋದಳು. ಆದರೆ ಮಗುಚಲಿಲ್ಲ. ಕೆಳಗೆ ದಡಕ್ಕೆ ತಾಗಿಸಿ ನಿಲ್ಲಿಸಿದ್ದ ದೋಣಿಯೊಂದರಿಂದ ಒಬ್ಬ ಗಂಡಸು ಹುಟ್ಟೆತ್ತಿ ಅಹೋಯ್ ಅಂದ. “ಭಲೇ! ಹಿಂದೆ ಕೂತಿರೋಳು ಗಟ್ಟಿಗಿತ್ತಿ!” ಎಂದೂ ಕೂಗಿದ. ನೀರಿನ ಮೇಲೆ ಯಾರು ಕರೆದರೂ ಉತ್ತರ ಕೊಡದೆ ಹೋಗುವಂತಿಲ್ಲವಲ್ಲ, ನಾನೂ ಅಹೋಯ್ ಅಂದೆ. ಕನ್ನಡಕ ಒರೆಸಿಕೊಳ್ಳುತ್ತಿದ್ದ ಬೊಹುಂಕಾ, “ಯಾರೇ ಅದು?” ಎಂದಳು. ಯಾರೋ ಅಂದೆ. ದೋಣಿ ಆಗಲೇ ತಿರುವಿನಲ್ಲಿತ್ತು.

ಬೆಖಿನ್ಯೆಯಲ್ಲಿ ದೋಣಿ ಒಪ್ಪಿಸಿ, ಎಲ್ಲರೂ ಬಿಯರ್ ಕುಡಿದು ಕರಿದ ಚೀಸ್ ತಿಂದೆವು. ನನ್ನ ಅಂಗೈ ತುಂಬ ಬೊಬ್ಬೆ. ಎಲ್ಲರಿಗೂ ತೋರಿಸಿಕೊಂಡು ತಿರುಗಿದೆ.

ಇನ್ನು ನಿನ್ನ ಪ್ರಶ್ನೆಗೆ ಉತ್ತರ. ಬರಬೇಡ. ಸೆಪ್ಟೆಂಬರಿನಲ್ಲೂ ಬೇಡ, ಆಮೇಲೂ ಬೇಡ. ಸಿಟ್ಟಿನಲ್ಲಿ ಬರೆಯುತ್ತಿಲ್ಲ. ನಿನ್ನೆಯಿಡೀ ಅಳುತ್ತಿದ್ದೆ, ಇವತ್ತು ಡೇರೆ ಒಗೆದು ಅಂಗಳದಲ್ಲಿ ಒಣಹಾಕಿದ್ದೇನೆ. ನಿನ್ನ ಚಳಿಗಾಲದ ಬೂಟುಗಳನ್ನು ಓಟಾಕರ್ ತಂದುಕೊಡುತ್ತಾನೆ. ಅವನಿಗೆ ಕಾರಣ ಹೇಳಿಲ್ಲ, ಬೇಕಾದರೆ ನೀನೇ ಹೇಳು.

ವೆಂಡುಲಾ

ತಾ. ಕ.: ನಮ್ಮ ದೋಣಿಯ ಮೂತಿಗೆ ನಾನು ಹಾಕಿದ್ದ ಹಳದಿ ತೇಪೆ ಇನ್ನೂ ಗಟ್ಟಿಯಾಗಿದೆ. ಒಡ್ಡಿನ ಕೆಳಗೆ ನನಗೆ ಮೊದಲು ಕಂಡದ್ದು ಅದು, ಆಮೇಲೆ ನನ್ನ ಜಾಗದಲ್ಲಿ ಕೂತಿದ್ದ ಅವಳು, ಆಮೇಲೆ ಹುಟ್ಟೆತ್ತಿ ನಿಂತ ನೀನು. ಬೆನ್ನುನೋವು ವಾಸಿಯಾದಂತಿತ್ತು. ನನ್ನ ಗುರುತು ಹತ್ತಲಿಲ್ಲವೆಂದು ಬೇಸರಪಟ್ಟುಕೊಳ್ಳಬೇಡ. ಇಷ್ಟು ವರ್ಷ ನದಿಯ ಮೇಲೆ ನೀನು ನೋಡುತ್ತಿದ್ದದ್ದು ನನ್ನ ಬೆನ್ನನ್ನು ಮಾತ್ರ.